ಕಲ್ಲುಕಂಬದ ಮೇಲಿನ ಗಿಡುಗ

ಕಳೆದ ಸೋಮವಾರ ಸೊಸೆ ಮಾರುಕಟ್ಟೆಯಿಂದ ಬಿಲ್ವಪತ್ರೆ ತಂದಳು. ಪ್ಲಾಸ್ಟಿಕ್ ಚೀಲದೊಳಗೆ ಬೆವೆತು ಅರ್ಧ ಕಪ್ಪಾಗಿತ್ತು. ಕೆಟ್ಟ ಎಲೆ ಆರಿಸಿ ತೆಗೆಯಲು ಕುಳಿತೆ. ಒಂದು ತೊಟ್ಟು ಚಿವುಟಿದೆನೋ ಇಲ್ಲವೋ, ಆ ಒಗರು ವಾಸನೆ, ಸ್ವಲ್ಪ ಔಷಧಿಯಂಥದು, ಸ್ವಲ್ಪ ಹಸಿ ಕಟ್ಟಿಗೆಯಂಥದು, ಮೂಗಿಗೆ ಬಡಿಯಿತು. ಈ ವಾಸನೆಗೆ ಜನ ಕೈ ಮುಗಿಯುತ್ತಾರೆ. ನನಗೆ ಸಿಟ್ಟು ಬರುತ್ತದೆ. ಎಂಬತ್ತು ದಾಟಿದ ಮೇಲೆ ಸಿಟ್ಟು ಮೈಗೆ ಒಳ್ಳೆಯದಲ್ಲ ಎಂದು ಮಗ ಹೇಳುತ್ತಾನೆ. ನಾನು ಈಗಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ಸ್ನಾನ, ಎಂಟಕ್ಕೆ ರೊಟ್ಟಿ, ರಾತ್ರಿ ಎಂಟೂವರೆಗೆ ಹಾಸಿಗೆ. ಸಿಟ್ಟಿಗೂ ಒಂದು ಹೊತ್ತು ಗೊತ್ತುಮಾಡಲು ಬರುವಂತಿದ್ದರೆ ಮಾಡಿಬಿಡುತ್ತಿದ್ದೆ. ಅದು ಮಾತ್ರ ಗಡಿಯಾರದ ಮಾತು ಕೇಳಲಿಲ್ಲ. ಈ ವಾಸನೆ ನನ್ನ ತವರುಮನೆಯದು. ನಿಮಗೂ ಇಂಥ ಒಂದು ಮನೆ ಇದ್ದಿರಬಹುದು. ಅದು ಬಿದ್ದುಹೋಯಿತಲ್ಲ ಎಂದು ನೀವು ಅಳುತ್ತಿರಬಹುದು. ನಾನೂ ಅಳುತ್ತೇನೆ. ಆದರೆ ಅದು ನಿಂತಿದ್ದಾಗ ಅದರೊಳಗೆ ಏನಾಯಿತು ಎನ್ನುವುದನ್ನು ಮರೆತು ಅಳಲು ನನ್ನಿಂದ ಆಗುವುದಿಲ್ಲ.

ನಮ್ಮ ಮನೆ ಹೊನ್ನಾಳಿಯಲ್ಲಿ, ಹೊಳೆಗೆ ಹೋಗುವ ಓಣಿಯ ಪಕ್ಕದಲ್ಲಿತ್ತು. ಅಜ್ಜ ಕಂದಾಯ ಇಲಾಖೆಯಲ್ಲಿ ಶೇಕದಾರರಾಗಿದ್ದು ನಿವೃತ್ತರಾದವರು. ಕಚೇರಿ ಬಿಟ್ಟರೂ ಕಚೇರಿಯ ಪದ್ಧತಿ ಬಿಟ್ಟಿರಲಿಲ್ಲ. ಪಡಸಾಲೆಯ ಗೋಡೆಗೆ ದೊಡ್ಡ ಗಡಿಯಾರ, ಅದರ ಕೆಳಗೆ ಒಂದು ಮೇಜು, ಮೇಜಿನ ಮೇಲೆ ದಿನಚರಿ ಪುಸ್ತಕ. ಹಾಲು ಕರೆದದ್ದು ಎಷ್ಟು ಹೊತ್ತಿಗೆ, ಹೂವಿನ ಬುಟ್ಟಿ ಬಂದದ್ದು ಎಷ್ಟು ಹೊತ್ತಿಗೆ, ಪೂಜೆ ಮುಗಿದದ್ದು, ದೀಪ ಹಚ್ಚಿದ್ದು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಆರನೆಯ ವಯಸ್ಸಿಗೇ ನಾನು ಗಡಿಯಾರ ನೋಡಲು ಕಲಿತೆ. ಏಳಕ್ಕೆ ಆ ಪುಸ್ತಕ ನನ್ನ ಕೈಗೆ ಬಂತು. ನನ್ನ ಅಕ್ಷರ ದುಂಡಗಿತ್ತು, ಸುಳ್ಳು ಬರೆಯುತ್ತಿರಲಿಲ್ಲ, ಮತ್ತೇನು ಬೇಕು. ಅಜ್ಜ ಬಂದವರೆದುರು ನನ್ನನ್ನು ನಿಲ್ಲಿಸಿ ಗಂಟೆ ಎಷ್ಟು ಎಂದು ಕೇಳುತ್ತಿದ್ದರು, ನಾನು ನಿಮಿಷದ ಸಮೇತ ಹೇಳುತ್ತಿದ್ದೆ, ಬಂದವರು ಬೆರಗಾಗುತ್ತಿದ್ದರು. ನನಗೆ ಆ ಬೆರಗು ಬೆಲ್ಲದ ಹಾಗೆ ರುಚಿಸುತ್ತಿತ್ತು.

ಆ ಮನೆಯಲ್ಲಿ ಗಡಿಯಾರಕ್ಕೆ ಹೆದರದೆ ಇದ್ದವಳು ಒಬ್ಬಳೇ, ನನ್ನ ಸೋದರತ್ತೆ ನೀಲಮ್ಮ. ಹದಿನೇಳಕ್ಕೆ ಮದುವೆಯಾಗಿ ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ನಮ್ಮ ಜನರಲ್ಲಿ ಎರಡನೆಯ ಮದುವೆ ಇಲ್ಲದ್ದೇನಲ್ಲ, ಆದರೆ ಶೇಕದಾರರ ಮನೆಯಲ್ಲಿ ಆ ಮಾತನ್ನು ಎತ್ತುವ ಹಾಗಿರಲಿಲ್ಲ. ಮದುವೆ ಮುಂಜಿಗೆ ಆಕೆಯನ್ನು ಕರೆಯುತ್ತಿರಲಿಲ್ಲ, ಓಣಿಗೆ ಇಳಿಯಲು ಬಿಡುತ್ತಿರಲಿಲ್ಲ. ಆಕೆಗೆ ಬಿಟ್ಟುಕೊಟ್ಟದ್ದು ಹಿತ್ತಲು ಒಂದೇ. ಉದ್ದಕ್ಕೆ ಅರವತ್ತು ಹೆಜ್ಜೆ, ಅಗಲಕ್ಕೆ ನಲವತ್ತು, ಅಳೆದದ್ದು ನಾನೇ. ಅದರೊಳಗೆ ಕಣಗಿಲೆ, ನಂದಿಬಟ್ಟಲು, ಮರುಗ, ದವನ, ಮೂಲೆಯಲ್ಲಿ ಒಂದು ಬಿಲ್ವದ ಮರ, ನಡುವೆ ಬಾವಿ. ಬಾವಿಯ ಎರಡು ಪಕ್ಕಕ್ಕೆ ರಾಟೆ ಹೊರುವ ಎರಡು ಕಲ್ಲುಕಂಬ. ಬೆಳಗಿನ ಜಾವ ಹಿತ್ತಲಿನ ಬಾಗಿಲು ತೆರೆದರೆ ಒದ್ದೆ ಮಣ್ಣು, ದವನ, ಬಾವಿಕಟ್ಟೆಯ ಪಾಚಿ ಎಲ್ಲ ಒಂದಾಗಿ ಮುಖಕ್ಕೆ ಬರುತ್ತಿದ್ದವು. ಅತ್ತೆ ಆ ಬಾಗಿಲು ದಾಟಿದ ಕೂಡಲೆ ಆಕೆಯ ಹೆಗಲು ಕೆಳಗಿಳಿಯುತ್ತಿತ್ತು. ನೀರು ತುಂಬಿದ ಕೊಡ ಇಳಿಸಿದವರ ಹಾಗೆ. ಅದನ್ನು ಕೊಟ್ಟಿಗೆಯ ಕಿಂಡಿಯಿಂದ ನಾನು ಎಷ್ಟೋ ಸಲ ನೋಡಿದ್ದೇನೆ.

ಪೂಜೆಯ ಹೂ ಕೀಳುವುದಕ್ಕೆ ಅಜ್ಜ ಒಂದು ನಿಯಮ ಮಾಡಿದ್ದರು. ಸ್ನಾನ ಮಾಡಿ ಸರಿಯಾಗಿ ಆರಕ್ಕೆ ಹಿತ್ತಲಿಗೆ ಇಳಿಯಬೇಕು. ಬುಟ್ಟಿಯನ್ನು ಪೂಜೆಯ ಕೋಣೆಯ ಹೊಸ್ತಿಲಿಗೆ ತಂದಿಡುವವರೆಗೆ ಬಾಯಿ ಬಿಡಬಾರದು. ಬುಟ್ಟಿ ಕೈಯಲ್ಲಿದ್ದಾಗ ರಕ್ತವಾಗಲಿ ಸತ್ತದ್ದಾಗಲಿ ಕಣ್ಣಿಗೆ ಬಿದ್ದರೆ ಆ ಹೂ ಪತ್ರೆಯನ್ನೆಲ್ಲ ಮರದ ಬುಡಕ್ಕೆ ಸುರಿದು, ಮತ್ತೆ ಸ್ನಾನ ಮಾಡಿ, ಮತ್ತೆ ಕೀಳಬೇಕು. ನಮ್ಮ ಧರ್ಮದಲ್ಲಿ ಸೂತಕವೇ ಇಲ್ಲ, ಲಿಂಗವಿರುವ ಕೈಗೆ ಮೈಲಿಗೆ ಎಲ್ಲಿಂದ ಬರಬೇಕು ಎಂದು ಮಠದ ಅಯ್ಯನವರು ಹೇಳುತ್ತಿದ್ದರು. ಅಜ್ಜ ತಲೆದೂಗಿ ಕೇಳಿಸಿಕೊಂಡು ಮನೆಗೆ ಬಂದು ತಮ್ಮ ನಿಯಮವನ್ನೇ ನಡೆಸುತ್ತಿದ್ದರು.

ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು, ನನಗೆ ಒಂಬತ್ತು ನಡೆಯುತ್ತಿದ್ದಾಗ, ಅಪ್ಪನಿಗೆ ವಿಷಮಶೀತ ಜ್ವರ ಬಂತು. ಇಪ್ಪತ್ತೊಂದು ದಿನಕ್ಕೆ ಇಳಿಯಿತು ಎನ್ನುವಷ್ಟರಲ್ಲಿ ಮತ್ತೆ ಏರಿತು. ಶಿವಮೊಗ್ಗದಿಂದ ಬಂದ ಡಾಕ್ಟರು ಗಂಜಿಯ ತಿಳಿ ಬಿಟ್ಟು ಬೇರೇನೂ ಕೊಡಬೇಡಿ, ಅಲುಗಾಡಿಸದೆ ಮಲಗಿಸಿ ಎಂದು ಹೇಳಿ, ಅಜ್ಜನ ಮುಖ ನೋಡದೆ ಹೊರಟುಹೋದರು. ದೀಪಾವಳಿ ಕಳೆದ ಸೋಮವಾರ ಅಜ್ಜ ವ್ರತ ಹಿಡಿದರು. ನಲವತ್ತೆಂಟು ದಿನ, ದಿನಕ್ಕೆ ನೂರೆಂಟು ಬಿಲ್ವಪತ್ರೆ, ಒಂದು ದಿನವೂ ತಪ್ಪಬಾರದು, ಒಂದು ಎಲೆಯೂ ಕೆಡಬಾರದು. ಕೆಟ್ಟರೆ ಮೊದಲಿನಿಂದ. ಬುಟ್ಟಿ ಆರೂವರೆಗೆ ಹೊಸ್ತಿಲಲ್ಲಿ ಇರಬೇಕು. ಒಳಕೋಣೆಯಲ್ಲಿ ಅಪ್ಪ ಬಡಬಡಿಸುತ್ತಿದ್ದರು, ಅವ್ವ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು, ಮನೆಯ ಜೀವವೆಲ್ಲ ಆ ಬುಟ್ಟಿಗೆ ನೇತುಬಿದ್ದಿತ್ತು. ಮೊದಲ ನಾಲ್ಕು ದಿನ ಬುಟ್ಟಿ ಆರೂವರೆಗೇ ಬಂತು. ಐದನೆಯ ದಿನ ಆರೂ ನಲವತ್ತೈದಕ್ಕೆ ಬಂತು. ಬರೆದೆ. ಆರನೆಯ ದಿನವೂ ಆರೂ ನಲವತ್ತೈದು. ಬರೆದೆ. ಏಳನೆಯ ದಿನ ಏನಿದು ನೋಡೋಣ ಎಂದು ಕೊಟ್ಟಿಗೆಯ ಕಿಂಡಿಗೆ ಹೋಗಿ ನಿಂತೆ.

ಅತ್ತೆ ಬಾವಿಯ ಈಚೆ ಕೈಕಟ್ಟಿ ನಿಂತಿದ್ದಳು. ಬುಟ್ಟಿ ನಂದಿಬಟ್ಟಲಿನ ಕೊಂಬೆಗೆ ನೇತಾಡುತ್ತಿತ್ತು. ಎದುರಿನ ಕಲ್ಲುಕಂಬದ ಮೇಲೆ ಒಂದು ಹಕ್ಕಿ. ಬೆನ್ನು ಬೂದಿ ಬಣ್ಣ, ಬಿಳಿಯ ಎದೆಯ ತುಂಬ ಕಂದು ಗೆರೆ, ತೀರ ಅಚ್ಚುಕಟ್ಟಾಗಿ, ಅಜ್ಜ ರೂಲುದೊಣ್ಣೆ ಇಟ್ಟು ಎಳೆದ ಹಾಗೆ. ಅರಿಸಿನದಂಥ ಉದ್ದ ಕಾಲು. ಕಣ್ಣೂ ಹಳದಿ, ಆದರೆ ಆ ಹಳದಿಯಲ್ಲಿ ಅರಿಸಿನದ ಮೆತ್ತನೆ ಇರಲಿಲ್ಲ. ಅದು ಕತ್ತು ತಿರುಗಿಸಿದರೆ ಹಿತ್ತಲೆಲ್ಲ ಉಸಿರು ಹಿಡಿಯುತ್ತಿತ್ತು; ದಿನಾ ಗದ್ದಲ ಹಾಕುವ ಗುಬ್ಬಿಗಳಿಲ್ಲ, ಅಳಿಲಿಲ್ಲ. ನನ್ನನ್ನು ಕಂಡು ಅತ್ತೆ ತುಟಿಯ ಮೇಲೆ ಬೆರಳಿಟ್ಟಳು, ಆಮೇಲೆ ಅದೇ ಬೆರಳಿನಿಂದ ಬಾ ಎಂದು ಕರೆದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಮಂಜು ಕಾಲಿನ ಬೆರಳ ಸಂದಿಗೆ ಇಳಿಯುತ್ತಿತ್ತು. ಎಷ್ಟು ಹೊತ್ತು ನಿಂತೆವೋ, ಗಡಿಯಾರ ಒಳಗಿತ್ತು. ಓಣಿಯ ಕಡೆಯಿಂದ ಒಂದು ಬೆಳವ, ಪಾರಿವಾಳದಂಥ ಸಣ್ಣ ಹಕ್ಕಿ, ಗೋಡೆ ದಾಟಿ ಬಂತು. ಕಂಬದ ಮೇಲೆ ಹಕ್ಕಿ ಇತ್ತು, ಆಮೇಲೆ ಇರಲಿಲ್ಲ. ಹಾರಿದ್ದು ನನಗೆ ಕಾಣಲೇ ಇಲ್ಲ. ಹಳೆಯ ಬಟ್ಟೆ ನೆಲಕ್ಕೆ ಎಸೆದಾಗ ಆಗುವಂಥ ಒಂದು ಸಣ್ಣ ಸದ್ದು, ಅಷ್ಟೆ. ನೋಡಿದರೆ ಮರುಗದ ಮಡಿಯ ಆಚೆ ನೆಲದ ಮೇಲೆ ರೆಕ್ಕೆ ಅರ್ಧ ಬಿಚ್ಚಿ ಬೆಳವದ ಮೇಲೆ ಕುಳಿತಿತ್ತು. ಆಮೇಲೆ ಅದನ್ನು ಹೊತ್ತು ಕಂಬಕ್ಕೆ ಏರಿತು. ಒಂದೊಂದೇ ಪುಕ್ಕ ಕಿತ್ತು ಗಾಳಿಗೆ ಬಿಟ್ಟಿತು. ಬೂದಿ ಬಣ್ಣದ ಪುಕ್ಕಗಳು ಕೆಂಪು ಕಣಗಿಲೆಯ ಮೇಲೆ ಇಳಿದು ನಿಂತವು. ನನಗೆ ಹೆದರಿಕೆ ಆಯಿತು, ಆದರೆ ಕಣ್ಣು ಕೀಳಲು ಆಗಲಿಲ್ಲ. ಅತ್ತೆಯ ಮುಖ ನೋಡಿದೆ. ಅಂಥ ಮುಖವನ್ನು ನಾನು ಆ ಮನೆಯಲ್ಲಿ ಬೇರೆ ಯಾವತ್ತೂ ಕಾಣಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲಿಂದಲೋ ಬಂದು, ತನಗೆ ಬೇಕಾದ್ದನ್ನು ತೆಗೆದುಕೊಂಡು, ಬೇಡವಾದಾಗ ಹೊರಟುಹೋಗುವ ಒಂದು ಜೀವವನ್ನು ಆಕೆ ನೋಡುತ್ತಿದ್ದಳು.

ಬುಟ್ಟಿ ಹೊಸ್ತಿಲಿಗೆ ಮುಟ್ಟಿದ ಮೇಲೆ ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡಳು.

“ಯಾರ ಹತ್ರಾನೂ ಹೇಳಬ್ಯಾಡ ಕಣೆ. ಗಿಡಗ ಅದು. ಚಳಿಗಾಲಕ್ಕೆ ಬಂದೈತೆ, ಶಿವರಾತ್ರಿ ಹೊತ್ತಿಗೆ ಹೋಗ್ತೈತೆ. ಹೋದ ವರ್ಷಾನೂ ಬಂದಿತ್ತು.”

“ರಕ್ತ ನೋಡಿದ್ರೆ ಹೂ ಸುರಿಬೇಕಲ್ಲತ್ತೆ.”

“ಬುಟ್ಟಿ ನನ್ನ ಕೈಯಾಗೆ ಎಲ್ಲಿತ್ತೇ? ಕೊಂಬೆಗೆ ಇತ್ತು. ಕೊಂಬೆ ನೋಡಿದ್ರೆ ಮೈಲಿಗೆ ಕೊಂಬೆಗೆ.” ತನ್ನ ಮಾತಿಗೆ ತಾನೇ ನಕ್ಕಳು. ಮರುಕ್ಷಣ ನಗು ನಿಂತಿತು. “ಅಪ್ಪಯ್ಯ ಇದನ್ನ ಒಪ್ಪಲ್ಲ. ಗೊತ್ತಾದ್ರೆ ವ್ರತ ಕೆಟ್ಟಿತು ಅಂತಾರೆ. ಅಣ್ಣ ಹಿಂಗೆ ಬಿದ್ದಿರುವಾಗ ಆ ಮಾತು ಈ ಮನಿಯಾಗೆ ಕೇಳಬಾರ್ದು. ನೀನೂ ಒಂದು ಕೆಲ್ಸ ಮಾಡು, ಗಡಿಯಾರದವ್ವ. ಆ ಹದಿನೈದು ನಿಮಿಷ ನುಂಗಿಬಿಡು. ಆರೂವರೆ ಅಂತ ಬರಿ.”

“ಸುಳ್ಳು ಬರಿಯಾಕೆ ಆಗಲ್ಲ ಅತ್ತೆ,” ಎಂದೆ.

ಆಕೆ ನನ್ನ ಕೆನ್ನೆ ಹಿಂಡಿ, “ಶೇಕದಾರನ ಮೊಮ್ಮಗಳು,” ಎಂದಳು. ಬೈಗುಳವನ್ನು ಮುದ್ದಿನ ಹಾಗೆ ಆಡಿದಳು. ನಾನು ಆರೂ ನಲವತ್ತೈದನ್ನೇ ಬರೆದೆ. ದುಂಡಗೆ ಬರೆದೆ.

ಮೂವತ್ತಮೂರನೆಯ ದಿನ ಪೂಜೆ ಮುಗಿದ ಮೇಲೆ ಅಜ್ಜ ಪುಸ್ತಕ ತೆರೆದು ಕುಳಿತರು. ಒಂದೊಂದು ಹಾಳೆಗೂ ಬೆರಳಿಟ್ಟು ಎಣಿಸಿದರು. ಅತ್ತೆಯನ್ನು ಕರೆದರು. ಅವ್ವ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅಪ್ಪನ ಗಂಜಿಯ ಬಟ್ಟಲು.

“ಇಪ್ಪತ್ತಾರು ದಿನ ಬುಟ್ಟಿ ಕಾಲು ಗಂಟೆ ತಡ ಆಗೈತೆ ನೀಲಮ್ಮ. ಏಳು ದಿನ ಸರಿಯಾಗಿ ಬಂದೈತೆ. ಕೀಳೋ ಕೈಗೆ ಕೆಲಸ ಗೊತ್ತೈತೆ ಅಂತ ಆಯ್ತು. ಹಂಗಾದ್ರೆ ಆ ಕಾಲು ಗಂಟೆ ಎಲ್ಲಿ ಇರ್ತೀಯ?”

“ಹಿತ್ತಲಾಗೇ ಇರ್ತೀನಿ ಅಪ್ಪಯ್ಯ.”

“ಏನು ಮಾಡ್ತೀಯ?”

ಅತ್ತೆ ಹಿತ್ತಲಿನ ಬಾಗಿಲ ಕಡೆ ನೋಡಿದಳು. ಗಿಡಗ ನೋಡ್ತಿದ್ದೆ ಎನ್ನುವ ಎರಡು ಮಾತು ಸಾಕಿತ್ತು. ಆ ಎರಡು ಮಾತಿನಿಂದ ಇಪ್ಪತ್ತಾರು ದಿನದ ಪತ್ರೆ ಕಸವಾಗುತ್ತಿತ್ತು, ವ್ರತ ಮುರಿಯುತ್ತಿತ್ತು, ಒಳಗೆ ಮಲಗಿದ್ದ ಆಕೆಯ ಅಣ್ಣನಿಗೆ ಏನಾದರೂ ಆದರೆ ಅದು ಆಕೆಯ ತಲೆಗೆ ಬರುತ್ತಿತ್ತು. ತಲೆಗೆ ಬರುವುದು ಇರಲಿ, ಆಕೆ ಆ ಪತ್ರೆಯನ್ನು ನಂಬಿದ್ದಳು. ಅಣ್ಣ ಬದುಕುವುದು ಅದರಿಂದಲೇ ಎಂದು ನಂಬಿದ್ದಳು.

ಆಗ ಅವ್ವ ಹೇಳಿದಳು. ಜೋರಾಗಿ ಅಲ್ಲ. “ಹಿತ್ತಲ ಗೋಡೆ ಆಚೆ ಹೊಳೆ ದಾರಿ ಐತಲ್ಲ ಮಾವ. ಆ ಹೊತ್ತಿನಾಗೆ ಗಂಡಸ್ರು ಸ್ನಾನಕ್ಕೆ ಹೋಗ್ತಿರ್ತಾರೆ.”

ಬಟ್ಟಲಿನ ಗಂಜಿ ಆರುತ್ತಿತ್ತು. ಅತ್ತೆ ಅವ್ವನನ್ನು ನೋಡಿದಳು, ಅಜ್ಜನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಹೇಳು ಎಂದಲ್ಲ, ಹೇಳಬೇಡ ಎಂದು. ನಾನು ಹೇಳಲಿಲ್ಲ. ಸುಳ್ಳು ಬರೆಯಲು ಬಾರದ ನಾನು ನಿಜವನ್ನು ನುಂಗಿಕೊಂಡು ನಿಂತೆ, ಅದು ನನ್ನಿಂದ ಚೆನ್ನಾಗಿಯೇ ಆಯಿತು. ಗೋಡೆಯ ಆಚೆ ಯಾರಿದ್ದರು ಎಂದು ಅಜ್ಜ ಕೇಳಲಿಲ್ಲ. ಕೇಳಿದ್ದರೆ ಯಾರೂ ಇಲ್ಲ ಎಂದಾದರೂ ಆಕೆ ಹೇಳುತ್ತಿದ್ದಳೇನೋ. ಅವರು ಗಡಿಯಾರ ನೋಡಿ, “ನಾಳೆ ಎಂಟಕ್ಕೆ ದಾವಣಗೆರೆ ಬಸ್ಸು,” ಎಂದರು. ಜಗಳೂರಿನ ಕಡೆಯ ಒಂದು ಹಳ್ಳಿಯಲ್ಲಿ ಅತ್ತೆಯ ಸತ್ತ ಗಂಡನ ಅಣ್ಣನ ಮನೆ ಇತ್ತು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಆಕೆಯನ್ನು ಬಾ ಎನ್ನದ ಮನೆ. ಮರುದಿನ ಆಳೊಬ್ಬನನ್ನು ಜೊತೆಗೆ ಕೊಟ್ಟು ಕಳಿಸಿದರು. ಅತ್ತೆ ಅಳಲಿಲ್ಲ. ಓಣಿಗೆ ಇಳಿದವಳು ಹಿತ್ತಲಿನ ಗೋಡೆಯ ಉದ್ದಕ್ಕೂ ಅದರ ಮೇಲೆ ಕೈ ಎಳೆದುಕೊಂಡು ನಡೆದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಂಬತ್ತು ವರ್ಷದಲ್ಲಿ ಆ ಗೋಡೆಯನ್ನು ಆಕೆ ಹೊರಗಿನಿಂದ ಕಂಡದ್ದು ಅದೇ ಮೊದಲು.

ಹೂ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಉಳಿದ ಹದಿನೈದು ದಿನ ಬುಟ್ಟಿ ಆರೂವರೆಗೆ ಸರಿಯಾಗಿ ಹೊಸ್ತಿಲಲ್ಲಿತ್ತು. ನಲವತ್ತು ದಾಟುವಾಗ ಅಪ್ಪನ ಜ್ವರ ಇಳಿಯಿತು, ನಲವತ್ತೈದಕ್ಕೆ ಎದ್ದು ಕುಳಿತರು. “ನೀಲ ಎಲ್ಲಿ?” ಎಂದು ಕೇಳಿದರು. “ಜಗಳೂರಿಗೆ ಹೋಗ್ಯಾಳೆ,” ಎಂದಳು ಅವ್ವ. “ಹೌದಾ,” ಎಂದು ಗಂಜಿ ಕುಡಿದರು. ಆ ಹೌದಾ ಇದೆಯಲ್ಲ, ಅದನ್ನು ನಾನು ಕ್ಷಮಿಸಿಲ್ಲ. ಜ್ವರದಿಂದ ಎದ್ದವರು ಎಂದು ಒಂದು ವಾರ ಬಿಟ್ಟುಕೊಡಬಹುದು, ಒಂದು ತಿಂಗಳು ಬಿಟ್ಟುಕೊಡಬಹುದು. ಅಪ್ಪ ಅದಾದ ಮೇಲೆ ಮೂವತ್ತು ವರ್ಷ ಬದುಕಿದರು.

ನಲವತ್ತೆಂಟು ಮುಗಿದ ದಿನ ಹೋಳಿಗೆ ಮಾಡಿದ್ದರು. ವ್ರತ ಮುಗಿಯಿತು, ಅಪ್ಪ ಉಳಿದರು, ಇನ್ನು ಹೇಳಿದರೆ ಯಾರಿಗೇನು ಕೇಡು ಎಂದು ನಾನು ಲೆಕ್ಕ ಹಾಕಿದ್ದೆ. ಇಂದು ಹೇಳಿದರೆ ನಾಳೆ ಕಾಗದ ಹೋಗುತ್ತದೆ, ನಾಡಿದ್ದು ಅತ್ತೆ ಬರುತ್ತಾಳೆ. ಅಜ್ಜ ಊಟ ಮುಗಿಸಿ ಎಲೆಯಡಿಕೆಗೆ ಕುಳಿತಾಗ ಹೋಗಿ ನಿಂತು ಎಲ್ಲ ಹೇಳಿದೆ. ಗಿಡುಗ, ಕಲ್ಲುಕಂಬ, ಬೆಳವ, ಕೊಂಬೆಗೆ ನೇತುಹಾಕಿದ ಬುಟ್ಟಿ. ಓಣಿಯಲ್ಲಿ ಯಾರೂ ಇರಲಿಲ್ಲ ಅಜ್ಜ, ನಾನು ಕಣ್ಣಾರೆ ನೋಡಿದೀನಿ ಎಂದೆ. ಅಜ್ಜನ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ನಿಂತಿತು. ಅವರ ಮುಖ ಬಿಳಿಚಿಕೊಂಡಿತು. ಮಗಳಿಗೆ ಮಾಡಿದ್ದು ಈಗ ತಿಳಿಯಿತು ಎಂದುಕೊಂಡೆ.

“ಅಷ್ಟೂ ದಿನ ರಕ್ತ ಬಿದ್ದಿತ್ತಾ?” ಎಂದು ಕೇಳಿದರು.

“ಗೊತ್ತಿಲ್ಲಜ್ಜ. ಕೆಲವು ದಿನ ಬರೇ ಕೂತು ಹೋಗ್ತಿತ್ತು.”

“ಹಂಗಾದ್ರೆ ಅಷ್ಟೂ ಕೆಟ್ಟಿತು ಅಂತಾನೇ ಹಿಡೀಬೇಕು,” ಎಂದು ಎದ್ದುಹೋಗಿ ಪುಸ್ತಕ ತೆರೆದರು. ನಾನು ಬರೆದ ಅಂಕಿಗಳನ್ನು ಎರಡನೆಯ ಸಲ ಎಣಿಸಿದರು. ಮುಂದಿನ ಸೋಮವಾರದಿಂದ ನಲವತ್ತೆಂಟು ದಿನದ ವ್ರತವನ್ನು ಮತ್ತೆ ಹಿಡಿಯುವುದಾಗಿ ಹೇಳಿದರು.

“ಅತ್ತೆನ್ನ ಕರೆಸ್ತೀರಾ ಅಜ್ಜ?”

“ಕೇಳಿದಾಗ ಹೇಳಬೇಕಿತ್ತು ಆಕಿ. ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ.”

ಅವ್ವನಿಗೆ ತಿಳಿದಾಗ ಆಕೆ ಅತ್ತಳು. ತಾನು ಆಡಿದ ಮಾತಿಗೆ ಅಲ್ಲ. “ನನ್ನ ತಾಳಿ ಜೊತೆಗೆ ಆಟ ಆಡಿ ಹೋದ್ಲಲ್ಲ,” ಎಂದು ಅತ್ತಳು. ಹೀಗೆ ನಾನು ಬಾಯಿ ಬಿಟ್ಟದ್ದರಿಂದ ಅತ್ತೆಯ ಮೇಲಿದ್ದ ಒಂದು ತಪ್ಪು ಎರಡಾಯಿತು. ಕಾಪಾಡಲು ಹೋಗಿ ಏನನ್ನು ಮುಚ್ಚಿಟ್ಟಳೋ ಅದೇ ಆಕೆ ಮರಳಿ ಬರುವ ದಾರಿಗೆ ಅಡ್ಡ ನಿಂತಿತು. ಎರಡನೆಯ ನಲವತ್ತೆಂಟು ದಿನ ನಾನೇ ಹೂ ಕಿತ್ತೆ. ಅಪ್ಪ ಆ ಹೊತ್ತಿಗೆ ಪೇಟೆಗೆ ಹೋಗಿ ಬರುತ್ತಿದ್ದರು, ರೊಟ್ಟಿಯ ಮೇಲೆ ಬೆಣ್ಣೆ ಹಾಕಿಸಿಕೊಳ್ಳುತ್ತಿದ್ದರು. ಆರೋಗ್ಯವಾಗಿದ್ದ ಮನುಷ್ಯನ ಜ್ವರಕ್ಕಾಗಿ ಅಜ್ಜ ದಿನಾ ನೂರೆಂಟು ಎಲೆ ಏರಿಸುತ್ತಿದ್ದರು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಆರು ವರ್ಷದ ಮೇಲೆ ಜಗಳೂರಿನಲ್ಲಿ ನೆಂಟರ ಮದುವೆ ಇತ್ತು. ಯುದ್ಧದ ಕಾಲ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು, ಇಳಿದು ನಡೆಯಬೇಕಾಗಿತ್ತು. ನಾನು ಹಟ ಮಾಡಿ ಅಪ್ಪನ ಜೊತೆ ಹೋದೆ. ಮದುವೆಯ ಮಾರನೆಯ ದಿನ ಅಪ್ಪ, “ನೀನು ಹೋಗಿ ಬಾ, ನನಗೆ ಕಾಲು ನೋವು,” ಎಂದರು. ಅತ್ತೆಯ ಹಳ್ಳಿಗೆ ಗಾಡಿಯಲ್ಲಿ ಹೋದೆ. ಬೋಳು ನೆಲ, ಕೊಯ್ದ ಜೋಳದ ಕೂಳೆ, ದೂರದಲ್ಲಿ ಒಂದೆರಡು ಜಾಲಿ. ಮನೆಯ ಹಿಂದೆ ಹಿತ್ತಲು ಇರಲಿಲ್ಲ, ಕಲ್ಲು ಹಾಸಿದ ಅಂಗಳ ಇತ್ತು. ಅತ್ತೆ ಅಲ್ಲಿ ಕುಳಿತು ಹತ್ತಿ ಬಿಡಿಸುತ್ತಿದ್ದಳು. ಮೂವತ್ತನಾಲ್ಕಕ್ಕೆ ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಲು ಒಂದು ಗಳಿಗೆ ಹಿಡಿಯಿತು.

“ಬಂದ್ಯಾ ಗಡಿಯಾರದವ್ವ. ಎಷ್ಟು ಗಂಟೆಗೆ ಬಂದೆ, ಬರ್ಕೊಂಡೆಯಾ?”

ನಾನು ಆಕೆಯ ಪಕ್ಕ ಕುಳಿತು ಅತ್ತುಬಿಟ್ಟೆ. ಅಜ್ಜನಿಗೆ ಹೇಳಿದ್ದನ್ನೂ, ಅದರಿಂದ ಆದದ್ದನ್ನೂ ಹೇಳಿದೆ. ಹತ್ತಿಯಿಂದ ಕಸ ಆರಿಸುತ್ತಲೇ ಕೇಳಿಸಿಕೊಂಡಳು. “ಹೇಳಬ್ಯಾಡ ಅಂದಿದ್ದೆ,” ಎಂದಳು, ಅಷ್ಟೆ. ಅಣ್ಣ ಹೇಗಿದ್ದಾನೆ, ದಪ್ಪ ಆಗಿದ್ದಾನಾ ಎಂದು ಕೇಳಿದಳು. ಆಗಿದ್ದಾರೆ ಎಂದೆ. “ಆಗ್ಲಿ ಬಿಡು,” ಎಂದಳು. ಮನೆಯವರ ಮೇಲೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಅದನ್ನು ನೋಡಿ ನನಗೇ ರೇಗಿತು. ಬೈಯಿ ಅತ್ತೆ, ಒಂದು ಸಲ ಬಾಯಿ ತುಂಬ ಬೈಯಿ ಎನ್ನಬೇಕೆನಿಸಿತು. ಆಕೆ ಕೈ ನಿಲ್ಲಿಸಿ ಕೇಳಿದಳು.

“ಈಗ್ಲೂ ಬರ್ತೈತಾ ಅದು?”

ಯಾವುದು ಎಂದು ಕೇಳಬೇಕಾಗಿರಲಿಲ್ಲ. “ಗೊತ್ತಿಲ್ಲತ್ತೆ,” ಎಂದೆ.

“ಗೊತ್ತಿಲ್ಲ ಅಂದ್ರೆ? ಹೂ ಕೀಳಾಕೆ ಯಾರು ಹೋಗ್ತಾರೆ?”

“ನಾನೇ.”

“ದಿನಾ?”

“ದಿನಾ. ಆರೂವರೆಗೆ ಬುಟ್ಟಿ ಇಡಬೇಕಲ್ಲ. ಅಷ್ಟರಾಗೆ ಮುಗಿಸ್ಬೇಕು. ತಲೆ ಎತ್ತಲ್ಲ ನಾನು.”

ಆರು ಚಳಿಗಾಲ. ಕಲ್ಲುಕಂಬ ನಾನು ಕೈ ಚಾಚುವ ಕೊಂಬೆಯಿಂದ ಎಂಟು ಹೆಜ್ಜೆ ದೂರ. ಒಂದು ಸಲವೂ ನೋಡಿರಲಿಲ್ಲ, ನೋಡಬೇಕು ಅನ್ನಿಸಿರಲೂ ಇಲ್ಲ. ಅತ್ತೆ ನನ್ನನ್ನೇ ದಿಟ್ಟಿಸಿದಳು. ಅಜ್ಜನ ಮೇಲೆ ಬಾರದ, ಅವ್ವನ ಮೇಲೆ ಬಾರದ ಸಿಟ್ಟು ಆಗ ಆಕೆಯ ಮುಖಕ್ಕೆ ಬಂತು. ಜೋರು ಮಾಡಲಿಲ್ಲ.

“ನಾನು ಹೋದ್ರೂ ಅದನ್ನ ನೋಡಾಕೆ ನೀನಿದೀಯ ಅಂದ್ಕಂಡಿದ್ದೆ ಕಣೆ,” ಎಂದಳು. “ಅದೇ ಒಂದು ಧೈರ್ಯದ ಮ್ಯಾಲೆ ಬಸ್ ಹತ್ತಿದ್ದೆ.”

ಆಮೇಲೆ ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ರೊಟ್ಟಿ ಬಡಿದು ಹಾಕಿದಳು, ಉಣ್ಣುವವರೆಗೂ ಎದುರಿಗೆ ಕುಳಿತಿದ್ದಳು, ಮತ್ತೆ ಆ ಮಾತು ಎತ್ತಲಿಲ್ಲ. ಗಾಡಿಯವನು ಹೊರಗಿನಿಂದ ಕೂಗಿದ. ಮರುವರ್ಷ ಚಳಿ ಶುರುವಾಗುವ ಮುಂಚೆಯೇ ಆಕೆ ತೀರಿಹೋದಳು ಎಂದು ಕಾರ್ಡು ಬಂತು. ಅಷ್ಟರಲ್ಲಿ ನನ್ನನ್ನು ನ್ಯಾಮತಿಗೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಹಿತ್ತಲು ಇರಲಿಲ್ಲ.